ಕೊಂಕಿಲ್ಲದ ಸನ್ಮಾನ

ನಮ್ಮೂರಿನಲ್ಲಿ ಯಾರನ್ನಾದರೂ ಬೈಯುವ ಮೊದಲು ಅವರ ತಲೆಯ ಮೇಲೆ ಫ್ಯಾನು ತಿರುಗುತ್ತಿದೆಯೇ ಎಂದು ನೋಡಿಕೊಳ್ಳುವುದು ವಾಡಿಕೆ. ಬೈಸಿಕೊಂಡವರು ನೆಲ ಬಿಟ್ಟು ಮೇಲೇಳುತ್ತಾರೆ. ಸಣ್ಣಪುಟ್ಟ ಬೈಗುಳಕ್ಕೆ ಹಿಮ್ಮಡಿಯಷ್ಟೇ ಎದ್ದೀತು. ಮನಸ್ಸಿಗೆ ನಾಟುವಂಥದ್ದಾದರೆ ಜಂತಿಗೆ ತಲೆ ತಾಗಿಸಿಕೊಂಡು ನಿಲ್ಲಬೇಕಾಗುತ್ತದೆ. ಯಾರಾದರೂ ಒಳ್ಳೆಯ ಮಾತಾಡಿದರೆ ಮತ್ತೆ ಇಳಿಯುತ್ತಾರೆ. ಇದರಲ್ಲಿ ನಮಗೆ ಯಾರಿಗೂ ವಿಶೇಷ ಕಾಣುವುದಿಲ್ಲ. ಗುಡ್ಡದ ಏರು ಬಂದಾಗ ಬಸ್ಸಿನ ಕಂಡಕ್ಟರ್ ಎದ್ದು ಪ್ರಯಾಣಿಕರನ್ನೆಲ್ಲ ಒಂದು ಸುತ್ತು ಬೈದು ಬರುತ್ತಾನೆ, ಡೀಸೆಲ್ ಉಳಿಯುತ್ತದೆ. ಏರು ಮುಗಿದ ಮೇಲೆ ಎಲ್ಲರ ಮಕ್ಕಳುಮರಿಗಳ ಕ್ಷೇಮ ವಿಚಾರಿಸುತ್ತಾನೆ. ಹೆಣ್ಣು ಕೊಡುವವರು ಗಂಡಿನ ಮನೆಗೆ ಹೋದಾಗ ಮೊದಲು ಕತ್ತೆತ್ತಿ ನೋಡುತ್ತಾರೆ. ಅಡುಗೆಮನೆಯ ಜಂತಿಯಿಂದ ಹಗ್ಗ ಇಳಿಬಿದ್ದಿದ್ದರೆ, ಆ ಮನೆಯ ಸೊಸೆಯಂದಿರು ಅದನ್ನು ಹಿಡಿದೇ ಕೆಳಗಿಳಿಯಬೇಕು ಎಂದು ಅರ್ಥ. ಕಾಫಿ ಕುಡಿದು, ಜಾತಕ ಕೂಡಲಿಲ್ಲ ಎಂದು ಹೇಳಿ ಎದ್ದು ಬರುತ್ತಾರೆ.

ಹೊಗಳಿಕೆಯದು ಇದಕ್ಕೆ ತಿರುವುಮುರುವು. ಹೊಗಳಿಸಿಕೊಂಡವರು ಭಾರವಾಗುತ್ತಾರೆ. ಹದವಾದ ಭಾರ ಎಲ್ಲರಿಗೂ ಬೇಕು, ಅತಿಯಾದರೆ ಕುರ್ಚಿ ಮುರಿಯುತ್ತದೆ. ಅದಕ್ಕಾಗಿಯೇ ನಮ್ಮಲ್ಲಿ ಸನ್ಮಾನದ ಸಭೆಗಳಲ್ಲಿ ಕೊಂಕು ಎಂಬ ಪದ್ಧತಿ ಇದೆ. ಎಷ್ಟೇ ಹೊಗಳಿದರೂ ಭಾಷಣಕಾರರು ಕೊನೆಗೊಂದು ಕೊಂಕುಮಾತು ಸೇರಿಸಿಯೇ ಕೂರಬೇಕು. ಮೂವತ್ತು ವರ್ಷ ಸಸ್ಯಶಾಸ್ತ್ರ ಪಾಠ ಮಾಡಿ ನಾನು ನಿವೃತ್ತಳಾದ ದಿನ ಪ್ರಾಂಶುಪಾಲರು ನನ್ನನ್ನು ಬಾಯ್ತುಂಬ ಹೊಗಳಿ, "ಆದರೆ ಇವರ ಮನೆಯಲ್ಲಿ ಒಂದು ತುಳಸಿ ಗಿಡವೂ ಬದುಕಿಲ್ಲ" ಎಂದು ಮುಗಿಸಿದರು. ಸಭೆ ನಕ್ಕಿತು, ನನ್ನ ಕುರ್ಚಿ ಉಳಿಯಿತು. ಆಮೇಲೆ ಹುಡುಗಿಯರ ಹಾಸ್ಟೆಲಿನ ವಾರ್ಡನ್ ಕೆಲಸಕ್ಕೆ ಬೇರೆ ಯಾರೂ ಒಪ್ಪದ್ದರಿಂದ ಬೀಗದ ಕೈ ನನ್ನ ಸೊಂಟದಲ್ಲೇ ಉಳಿಯಿತು.

ಇಂಥ ಊರಿಗೆ ಗುರುಮಲ್ಲಪ್ಪನವರು ವಿಶ್ವವಿದ್ಯಾಲಯದ ಕ್ರೀಡಾ ತರಬೇತುದಾರರಾಗಿ ಬಂದರು. ಹುಡುಗಿಯರು ಅವರನ್ನು ಕೋಚ್ ಸಾರ್ ಅನ್ನುತ್ತಿದ್ದರು. ಕೊರಳಲ್ಲಿ ಸೀಟಿ, ತಲೆಗೆ ಬಿಳಿ ಟೋಪಿ, ಗೆರೆ ಕೆಡದ ಷರಾಯಿ. ಹೊರಗಿನಿಂದ ಬಂದವರಾದ್ದರಿಂದ, ಹುಟ್ಟಿ ಬೆಳೆದ ನಮಗಾರಿಗೂ ಹೊಳೆಯದೆ ಇದ್ದದ್ದು ಅವರಿಗೆ ಬಂದ ವಾರದಲ್ಲೇ ಹೊಳೆಯಿತು. ಬೈಸಿಕೊಂಡವರು ಹೇಗೂ ಮೇಲೇಳುತ್ತಾರೆ ಎಂದ ಮೇಲೆ ಎತ್ತರ ಜಿಗಿತದವರಿಗೆ ವ್ಯಾಯಾಮವಾದರೂ ಏಕೆ? ಅವರು ಬೆಳಗಾದರೆ ಹುಡುಗಿಯರನ್ನು ಮರಳಿನ ಗುಂಡಿಯ ಮುಂದೆ ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬಳಿಗೂ ಅಳತೆ ತೆಗೆದು ಹೊಲಿದಂಥ ಮಾತು ಹೇಳತೊಡಗಿದರು. ಹಲ್ಲು ಉಬ್ಬಿದವಳಿಗೆ ಹಲ್ಲಿನದು, ತಂದೆಯಿಲ್ಲದವಳಿಗೆ ತಂದೆಯದು. ಹುಡುಗಿಯರು ಹಗುರಾದರು. ಅಡ್ಡಕೋಲು ಮೇಲೆ ಮೇಲೆ ಏರಿತು. ಎಲ್ಲೆಲ್ಲಿಂದಲೋ ಬೆಳ್ಳಿಯ ಬಟ್ಟಲುಗಳು ಬಂದವು. ಅವನ್ನಿಡಲು ಗಾಜಿನ ಬೀರುಗಳು ಸಾಲದೆ, ಗ್ರಂಥಾಲಯದ ಒಂದು ಕೋಣೆಯನ್ನೇ ಖಾಲಿ ಮಾಡಿ, ವಿಜ್ಞಾನದ ಪುಸ್ತಕಗಳನ್ನು ಮೆಟ್ಟಿಲಿನ ಕೆಳಗೆ ಪೇರಿಸಿದರು.

ಹಗುರಾದವರು ಇಳಿಯಬಾರದಲ್ಲ, ಅದಕ್ಕೆ ಕೋಚ್ ಸಾರ್ ನಿಯಮಗಳನ್ನು ಮಾಡಿದರು. ಪಂದ್ಯ ಹತ್ತಿರ ಬಂದಾಗ ಹುಡುಗಿಯರಿಗೆ ಮನೆಯವರು ಭೇಟಿ ಕೊಡಬಾರದು. ಗೆಳತಿಯರು ಒಬ್ಬರ ತಲೆ ಇನ್ನೊಬ್ಬರು ಬಾಚಬಾರದು. ಹಾಸ್ಟೆಲಿನ ಅಡುಗೆಯ ಬೋರಮ್ಮ ಯಾರನ್ನೂ "ಉಂಡ್ಯಾ ಮಗಾ" ಎಂದು ಕೇಳಬಾರದು. ಬೋರಮ್ಮ ಆಗಲಿ ಎಂದಳು. ತಟ್ಟೆ ಕೊಡುವಾಗ ಮುಖ ಸಿಂಡರಿಸಿಕೊಂಡೇ ಕೊಡುತ್ತಿದ್ದಳು. ಅನ್ನದ ಅಡಿಯಲ್ಲಿ ಮಾತ್ರ ಒಂದು ತುಪ್ಪದ ಉಂಡೆ ಕರಗುತ್ತಿರುತ್ತಿತ್ತು. ಅದು ಕೈಗೆ ಸಿಕ್ಕಿದ ಹುಡುಗಿ ಬೆಂಚಿನ ಮೇಲೆ ತುಸು ಗಟ್ಟಿಯಾಗಿ ಕೂರುತ್ತಿದ್ದಳು. ನನಗೆ ಅದು ಕಾಣುತ್ತಿತ್ತು. ನಾನು ಕನ್ನಡಕ ಒರೆಸಿಕೊಳ್ಳುತ್ತಿದ್ದೆ.

ಜಲಜಾಕ್ಷಿ ಸೇರಿದ್ದು ಈ ದಿನಗಳಲ್ಲಿ. ಅಪ್ಪನದು ಹಿಟ್ಟಿನ ಗಿರಣಿ. ಹುಡುಗಿಯೂ ಗಟ್ಟಿಮುಟ್ಟು, ನಡೆದರೆ ಮೆಟ್ಟಿಲು ಗುಡುಗುಟ್ಟುತ್ತಿತ್ತು. ಓದಿನಲ್ಲಿ ಅಷ್ಟಕ್ಕಷ್ಟೆ, ಸೀಟು ಸಿಕ್ಕಿದ್ದು ಕ್ರೀಡೆಯ ಕೋಟಾದಲ್ಲಿ. ಆಟ ಬಿಟ್ಟರೆ ಕಾಲೇಜೂ ಬಿಡಬೇಕು. ಅದೇನೂ ಅವಳಿಗೆ ಹೊರೆಯಾಗಿರಲಿಲ್ಲ, ಜಿಗಿಯುವುದೆಂದರೆ ಅವಳಿಗೆ ಅಷ್ಟು ಆಸೆ. ಬಟ್ಟೆ ಒಣಹಾಕುವ ತಂತಿಯನ್ನೂ ಬಿಡುತ್ತಿರಲಿಲ್ಲ. ಹಿಂದೆ ಸರಿದು ಓಡಿ ಬಂದು ಒಗೆದ ಸೀರೆಗಳ ಮೇಲಿಂದ ಹಾರಿಬಿಡುತ್ತಿದ್ದಳು.

ಕೋಚ್ ಸಾರ್ ಅವಳಿಗೆ ಹಿಟ್ಟಿನ ಮೂಟೆ ಎಂದು ಹೆಸರಿಟ್ಟರು. ಮೊದಲು ಅದಕ್ಕೆ ಅವಳು ನಕ್ಕಳು. ನಕ್ಕವರು ಏಳುವುದಿಲ್ಲ. ಕೋಚ್ ಸಾರ್ ಬಿಡಲಿಲ್ಲ, ಹುಡುಕಿದರು. ನೀನು ತಿನ್ನೋದು ನೋಡಿ ನಿಮ್ಮಪ್ಪ ಗಿರಣಿ ಮಾರ್ಕೋಬೇಕು ಎಂದರು. ನಿನ್ನ ಬೆವರು ಹಿಟ್ಟಿಗೆ ಬಿದ್ದರೆ ರೊಟ್ಟಿ ಯಾರು ತಿಂತಾರೆ ಎಂದರು. ಒಂದು ದಿನ ಅವಳ ನಗು ನಿಂತಿತು, ಹಿಮ್ಮಡಿ ಎದ್ದಿತು. ಆ ವರ್ಷ ಅವಳು ಜಿಗಿದ ಎತ್ತರಕ್ಕೆ ಪತ್ರಿಕೆಯವರು ಹುಡುಕಿಕೊಂಡು ಬಂದರು.

ಎಲ್ಲರೂ ಅಭ್ಯಾಸ ಮುಗಿಸಿ ಬಂದು ಒಂದು ಒಳ್ಳೆಯ ಮಾತಿಗೆ, ಒಂದು ಬಿಸಿ ಮುದ್ದೆಗೆ ಇಳಿಯುತ್ತಿದ್ದರು. ಜಲಜ ಇಳಿಯುವುದು ನಿಂತುಹೋಯಿತು. ಮೊಗಸಾಲೆಯ ಕಂಬಿ ಹಿಡಿದುಕೊಂಡು ನಡೆಯುತ್ತಿದ್ದಳು. ಪರೀಕ್ಷೆಯಲ್ಲಿ ಒಂದು ಕೈಯಲ್ಲಿ ಮೇಜು ಹಿಡಿದು ಇನ್ನೊಂದರಲ್ಲಿ ಬರೆಯುತ್ತಿದ್ದಳು. ಬೆಳಗ್ಗೆ ಎಬ್ಬಿಸಲು ಹೋದರೆ ಹಾಸಿಗೆಯಲ್ಲಿ ಇರುತ್ತಿರಲಿಲ್ಲ, ಸೊಳ್ಳೆಪರದೆಯ ಚಾವಣಿಗೆ ಬೆನ್ನು ಹತ್ತಿಸಿ ಮಲಗಿರುತ್ತಿದ್ದಳು. ನಾನು ನಿಯಮ ಮುರಿದು ದಿನವೂ ಹೊಗಳಿದೆ. ನಿನ್ನ ಅಕ್ಷರ ಎಷ್ಟು ದುಂಡಗೆ ಎಂದೆ, ನಿನ್ನ ಜಡೆ ಎಷ್ಟು ದಪ್ಪ ಎಂದೆ. ಅವಳು ಸಂಕೋಚದಿಂದ ಥ್ಯಾಂಕ್ಸ್ ಮೇಡಂ ಅಂದು, ಇದ್ದಲ್ಲೇ ಇರುತ್ತಿದ್ದಳು. ಕೇಳಿದವರು ನಂಬಿದರೆ ಮಾತ್ರ ಹೊಗಳಿಕೆಗೆ ತೂಕ. ಹುಡುಗಿ ನಂಬುವುದನ್ನೇ ಬಿಟ್ಟಿದ್ದಳು.

ಒಂದು ಸಂಜೆ ನಾನು ಮೆಣಸಿನಕಾಯಿ ಬಿಡಿಸುತ್ತ ಕೂತಿದ್ದಾಗ ಕಿಟಕಿಯ ಸರಳು ಹಿಡಿದು ನಿಂತವಳು ಹೇಳಿದಳು. "ಮೇಡಂ, ಮುಂದಿನ ತಿಂಗಳು ದೊಡ್ಡ ಪಂದ್ಯ ಹೊರಗಡೆ ಊರಲ್ಲಿ. ಅಲ್ಲಿ ಮೇಲೆ ಏನೂ ಇರಲ್ಲ, ಬರೀ ಆಕಾಶ. ಕೋಲು ದಾಟಿದ ಮೇಲೆ ನಾನು ಕೆಳಗೆ ಬರ್ತೀನೋ ಇಲ್ವೋ ನಂಗೇ ಗೊತ್ತಿಲ್ಲ."

ಮರುದಿನ ಅವಳ ಕೈಹಿಡಿದುಕೊಂಡು, ಅಂದರೆ ಗಾಳಿಪಟದ ಹಾಗೆ ಎಳೆದುಕೊಂಡು, ಕುಲಸಚಿವ ಶ್ರೀಕಂಠಯ್ಯನವರ ಕಚೇರಿಗೆ ಹೋದೆ. ಅವರು ಸಭ್ಯ ಮನುಷ್ಯ. ಕಾಫಿ ತರಿಸಿದರು, ಫ್ಯಾನು ನಿಲ್ಲಿಸಿದರು. ಎಲ್ಲವನ್ನೂ ಕೇಳಿಸಿಕೊಂಡು, ವಿಷಯ ಗಂಭೀರವಾದದ್ದು, ಆದ್ದರಿಂದ ಹೊರಗೆಲ್ಲೂ ಹೇಳಬಾರದು ಎಂದರು. ವಿಚಾರಣೆಗೆ ಪ್ರೊಫೆಸರುಗಳ ಒಂದು ಸಮಿತಿ ಮಾಡಿದರು. ಸಮಿತಿಯವರು ಮೈದಾನದ ಬಾದಾಮಿ ಮರದ ಕೆಳಗೆ ಕೂತು ಎಳನೀರು ಕುಡಿದು, ಹುಡುಗಿಯರಿಗೆ ಏನು ಹೇಳುತ್ತೀರಿ ಎಂದು ಕೋಚ್ ಸಾರನ್ನೇ ಕೇಳಿದರು. ಅವರು ಎಷ್ಟು ಸಿಹಿಯಾಗಿ ಮಾತಾಡಿದರೆಂದರೆ ಸದಸ್ಯರಲ್ಲೊಬ್ಬರು ಭಾರವಾಗಿ, ಕುರ್ಚಿಯಿಂದ ಎಬ್ಬಿಸಲು ಇಬ್ಬರು ಬೇಕಾಯಿತು. ಹುಡುಗಿಯರನ್ನು ಕೇಳಲು ಹೊತ್ತು ಉಳಿಯಲಿಲ್ಲ.

ಸಮಿತಿಯ ತೀರ್ಮಾನವನ್ನು ಶ್ರೀಕಂಠಯ್ಯನವರು ಸಭಾಂಗಣದಲ್ಲಿ ಮೈಕಿನ ಮುಂದೆ ಓದಿದರು. ತರಬೇತುದಾರರು ಆಡಿದವು ಬೈಗುಳಗಳಲ್ಲ, ಪ್ರೋತ್ಸಾಹದ ಮಾತುಗಳು. ಕೆಲವರು ತಪ್ಪು ತಿಳಿದಿದ್ದಾರೆ. ಮುಂಜಾಗ್ರತೆಗಾಗಿ ಮೈದಾನದ ಮೇಲೆ ಬಲೆ ಕಟ್ಟತಕ್ಕದ್ದು. ತರಬೇತುದಾರರ ಮನಸ್ಸಿಗೆ ನೋವಾಗಿರುವುದರಿಂದ ಅವರನ್ನು ವಿಶ್ವವಿದ್ಯಾಲಯದ ವತಿಯಿಂದ ಸನ್ಮಾನಿಸತಕ್ಕದ್ದು. ದೂರು ಬಂದವರಿಗೆ ಶಾಲು ಹೊದಿಸುವುದು ನಮ್ಮಲ್ಲಿ ಹೊಸದೇನಲ್ಲ. ಶಾಲು ಹೊದ್ದವರ ಮೇಲೆ ಇನ್ನೊಂದು ದೂರು ಕೊಡಲು ಜನಕ್ಕೆ ಮುಜುಗರ.

ಬಲೆ ಬಂತು. ಮೀನಿನದೋ ಕ್ರಿಕೆಟ್ಟಿನದೋ, ಮೈದಾನದ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಕಂಬ ನೆಟ್ಟು ಬಿಗಿದರು. ಹೊರಗಿನ ಊರಿಗೆ ಬಲೆಯನ್ನು ಹೇಗೆ ಒಯ್ಯುವುದು ಎಂದು ನಾನು ಕೇಳಿದ್ದಕ್ಕೆ, ಅದು ಆ ಊರಿನವರ ಜವಾಬ್ದಾರಿ ಎಂದರು. ಸನ್ಮಾನದ ಹಿಂದಿನ ದಿನ ಶ್ರೀಕಂಠಯ್ಯನವರು ಭಾಷಣ ಮಾಡುವವರನ್ನೆಲ್ಲ ಕರೆಸಿ ಒಂದು ಸೂಚನೆ ಕೊಟ್ಟರು. ಈ ಸಲ ಕೊಂಕು ಬೇಡ. ದೂರಿನ ಗಾಳಿ ಇನ್ನೂ ಆರಿಲ್ಲ, ಯಾರು ಏನು ಕೊಂಕು ಆಡಿದರೂ ದೂರಿಗೆ ಪುಷ್ಟಿ ಕೊಟ್ಟಂತಾಗುತ್ತದೆ. ಹಿರಿಯರೊಬ್ಬರು, ಕೊಂಕಿಲ್ಲದೆ ಹೇಗೆ ಸ್ವಾಮಿ, ಒಂದಾದರೂ ಇರಲಿ, ಟೋಪಿಯ ಮೇಲಾದರೂ ಇರಲಿ ಎಂದು ಬೇಡಿಕೊಂಡರು. ಟೋಪಿಯ ಮೇಲೂ ಬೇಡ ಎಂದರು.

ಸಭೆ ಮೈದಾನದಲ್ಲೇ. ಹಿಂದೆ ಜಿಗಿತದ ಕಂಬಗಳು ಕಾಣುವಂತೆ ಫೋಟೊ ಬರಬೇಕೆಂದು ಕೋಚ್ ಸಾರ್ ಮರಳಿನ ಗುಂಡಿಯ ನಡುವೆಯೇ ನಿಲ್ಲುತ್ತೇನೆಂದರು. ಹೊಸ ಮರಳು ಸುರಿಸಿ, ಧೂಳೇಳದಂತೆ ನೀರು ಚಿಮುಕಿಸಿದ್ದರು. ಅತಿಥಿಗಳು ಬರುವ ಮೊದಲು ಹುಡುಗಿಯರನ್ನು ಹಾರ ಹಿಡಿಸಿ ಸಾಲಾಗಿ ನಿಲ್ಲಿಸಿದ್ದಾಗ ಅವರು ಜಲಜಳ ಹತ್ತಿರ ಬಂದರು. ದೂರು ಕೊಟ್ಟವಳು ಅವಳೇ ಎಂದು ಅವರಿಗೆ ಗೊತ್ತಿತ್ತು. ದನಿ ಏರಿಸಲಿಲ್ಲ. ನಿಮ್ಮಪ್ಪ ನಿನ್ನನ್ನು ಹಾಸ್ಟೆಲಿಗೆ ಹಾಕಿದ್ದು ಓದಲಿಕ್ಕಲ್ಲ, ಮನೆಯಲ್ಲಿ ನಿನ್ನ ಮುಖ ನೋಡಲಾರದೆ ಎಂದರು. ಹುಡುಗಿ ಹಾರದ ಸಮೇತ ಮೇಲೆದ್ದಳು. ಬಲೆಗೆ ಬೆನ್ನು ತಾಗಿ ಅಲ್ಲೇ ನಿಂತಳು, ಕಟ್ಟಿದ್ದ ಬಣ್ಣದ ಕಾಗದಗಳ ನಡುವೆ. ನಾನು ಏಣಿ ತರಿಸಲು ಓಡಿದೆ. ಅಲ್ಲೇ ಇರಲಿ, ಅಲಂಕಾರಕ್ಕಾಯಿತು ಎಂದರು ಕೋಚ್ ಸಾರ್.

ಭಾಷಣ ಶುರುವಾಯಿತು. ಕುಲಪತಿಗಳು ಅವರನ್ನು ಶಿಲ್ಪಿಗೆ ಹೋಲಿಸಿದರು. ಬೂಟು ಮರಳಿನಲ್ಲಿ ಮುಚ್ಚಿತು. ಸಮಿತಿಯ ಪ್ರೊಫೆಸರು ತಾಯಿಗೆ ಹೋಲಿಸಿದರು; ಮೊಣಕಾಲು ಮುಳುಗಿತು. ಮೊದಲು ಗಮನಿಸಿದವನು ಫೋಟೊದವನು, ಅವನು ಕ್ಯಾಮೆರಾದ ಕಾಲನ್ನು ಮೂರು ಸಲ ತಗ್ಗಿಸಬೇಕಾಯಿತು. ಕೋಚ್ ಸಾರ್‌ಗೆ ಮಾತ್ರ ಏನೂ ತಿಳಿಯಲಿಲ್ಲ. ಕಣ್ಣು ಅರೆಮುಚ್ಚಿ, ಕೈಕಟ್ಟಿ, ಒಂದೊಂದು ಮಾತನ್ನೂ ನಂಬುತ್ತ ನಿಂತಿದ್ದರು. ಸನ್ಮಾನಪತ್ರ ಓದುವವರು ಕೊನೆಯ ಸಾಲುಗಳನ್ನು ಕುಕ್ಕರಗಾಲಲ್ಲಿ ಕೂತು ಓದಿದರು. ಚಪ್ಪಾಳೆಯಾಗುವಾಗ ಮರಳು ಕೋಚ್ ಸಾರ್ ಅವರ ಸೊಂಟ ದಾಟಿತ್ತು.

ಆಗ ಗಾಬರಿ ಹುಟ್ಟಿತು. ಕುಸ್ತಿಯ ಹುಡುಗರು ಶಾಲು ಹಿಡಿದು ಎಳೆದರು, ಶಾಲು ಬಂತು. ತೋಟದ ಮಾಲಿಗಳು ಗುದ್ದಲಿ ಹಾಕಿದರೆ, ತೆಗೆದಷ್ಟು ಮರಳೂ ಜಾರಿ ಬಿದ್ದು ಅವರು ಇನ್ನೂ ಇಳಿದರು. ಹಗುರ ಮಾಡದೆ ಎತ್ತುವಂತಿಲ್ಲ ಎಂದು ಎಲ್ಲರಿಗೂ ತಿಳಿಯಿತು. ಯಾರಾದರೂ ಬೈಯಬೇಕು. ಕುಲಪತಿಗಳು ಗಂಟಲು ಸರಿಮಾಡಿಕೊಂಡು, ಗುರುಮಲ್ಲಪ್ಪನವರೇ, ತಾವೇನೂ ಅಂಥ ದೊಡ್ಡವರಲ್ಲ ಎಂದರು. ಕೋಚ್ ಸಾರ್ ಅದನ್ನು ಕೊಂಕೆಂದು ತಿಳಿದು ಮುಗುಳ್ನಕ್ಕರು. ಕನ್ನಡದ ಪ್ರೊಫೆಸರು ಹಳಗನ್ನಡದಲ್ಲಿ ಬೈದರು, ಅವರಿಗೆ ಅರ್ಥವಾಗಲಿಲ್ಲ. ಬೋರಮ್ಮ ಸೆರಗು ಸಿಕ್ಕಿಸಿಕೊಂಡು ಮುಂದೆ ಹೋಗಿ, ನಾನು ಇಲ್ಲಿ ಬರೆಯಲಾರದಂಥ ನಾಲ್ಕು ಮಾತು ಆಡಿದಳು. ಈ ಹೆಂಗಸು ಯಾರು ಎಂದು ಕೋಚ್ ಸಾರ್ ಕೇಳಿದರು. ಯಾರ ಮಾತಿಗೂ ಬೆಲೆ ಕೊಡದ ಮನುಷ್ಯನನ್ನು ಬೈಯುವುದು ಬಹಳ ಕಷ್ಟ.

ಮರಳು ಎದೆಗೆ ಬಂದಾಗ ಅವರ ಮುಗುಳ್ನಗೆ ಹೋಯಿತು. "ನೀವ್ಯಾರೂ ಆಗಲ್ಲ ಬಿಡಿ," ಎಂದು ಕೂಗಿಕೊಂಡರು. "ಆ ಹುಡುಗಿಗೆ ಹೇಳ್ಸಿ. ನಾನು ಅವಳಿಗೆ ಹೇಳಿದ್ದನ್ನೇ ಅವಳು ನನಗೆ ಹೇಳ್ಲಿ. ಅದು ಯಾರಿಗಾದ್ರೂ ನಾಟುತ್ತೆ."

ಸಭೆಯೆಲ್ಲ ಕತ್ತೆತ್ತಿತು. ಶ್ರೀಕಂಠಯ್ಯನವರು ಮೈಕು ಹಿಡಿದು, ಅದುವರೆಗೆ ಯಾವ ವಿದ್ಯಾರ್ಥಿನಿಯನ್ನೂ ಕರೆಯದ ಹಾಗೆ ಕರೆದರು. "ತಾಯಿ, ಜಲಜಾಕ್ಷಿ, ಒಂದೆರಡು ಮಾತು ಹೇಳಿಬಿಡಮ್ಮಾ."

ಅವಳು ಬಲೆಯ ಕಣ್ಣಿಗೆ ಬೆರಳು ಸಿಕ್ಕಿಸಿಕೊಂಡು ಕೆಳಗೆ ನೋಡಿದಳು. ಹಾರ ಇನ್ನೂ ಕೈಯಲ್ಲಿತ್ತು. ನಿಧಾನವಾಗಿ, ವಿನಯವಾಗಿ ಹೇಳಿದಳು. "ಹೇಳ್ಬೋದು ಸಾರ್. ಆದ್ರೆ ಅವೆಲ್ಲ ಪ್ರೋತ್ಸಾಹದ ಮಾತು ಅಂತ ಸಮಿತಿಯವ್ರು ಹೇಳಿದಾರಲ್ವಾ? ನಾನೀಗ ಪ್ರೋತ್ಸಾಹ ಕೊಟ್ರೆ ಕೋಚ್ ಸಾರ್ ಪೂರ್ತಿ ಒಳಗೇ ಹೋಗ್ಬಿಡ್ತಾರೆ."

ಸಭೆಯಲ್ಲಿ ಯಾರೋ ಕೆಮ್ಮಿದರು. ಅದು ಕೆಮ್ಮಲ್ಲ ಎಂದು ನನಗೆ ಗೊತ್ತು, ಏಕೆಂದರೆ ಕೆಮ್ಮಿದ್ದು ನಾನೇ. ಶ್ರೀಕಂಠಯ್ಯನವರು ಅದು ಆ ಸಂದರ್ಭದಲ್ಲಿ ಹಾಗೆ, ಈ ಸಂದರ್ಭದಲ್ಲಿ ಹೀಗೆ ಎಂದು ಏನೋ ಹೇಳತೊಡಗಿದರು. ಮರಳು ಕೋಚ್ ಸಾರ್ ಅವರ ಸೀಟಿಯನ್ನು ಮುಟ್ಟಿತು. ಕುಲಸಚಿವರು ಮೈಕನ್ನು ಬದಿಗೆ ಸರಿಸಿ ಮೆಲ್ಲಗೆ ಒಂದು ಮಾತು ಹೇಳಿದರು. ನನಗೂ ಕೇಳಿಸಲಿಲ್ಲ.

"ಮೈಕಲ್ಲಿ ಹೇಳಿ ಸಾರ್," ಎಂದಳು ಹುಡುಗಿ. "ಅವತ್ತೂ ಮೈಕಲ್ಲೇ ಹೇಳಿದ್ದಲ್ವಾ."

ಅವರು ಕರವಸ್ತ್ರದಿಂದ ಹಣೆ ಒರೆಸಿಕೊಂಡರು. ಕುಲಪತಿಗಳ ಮುಖ ನೋಡಿದರು, ಕುಲಪತಿಗಳು ಬಟ್ಟಲುಗಳಿದ್ದ ಗ್ರಂಥಾಲಯದ ಕಡೆ ನೋಡುವವರಂತೆ ಎತ್ತಲೋ ನೋಡುತ್ತಿದ್ದರು. ಕೊನೆಗೆ ಮೈಕಿಗೆ ಬಾಯಿ ಹತ್ತಿರ ಮಾಡಿ ಹೇಳಿದರು. ಆಡಿದ್ದು ಬೈಗುಳವೇ. ಯಾವ ಹುಡುಗಿಗೂ ಆಡಬಾರದ್ದು. ಈ ಹುಡುಗಿ ಹೇಳಿದ್ದು ನಿಜ, ನಾವು ಕೇಳಿಸಿಕೊಳ್ಳಲಿಲ್ಲ, ತಪ್ಪು ನಮ್ಮದು.

ಒಳ್ಳೆಯ ಮನಸ್ಸಿನಿಂದ ಆಡಿದ ಮಾತೇನಲ್ಲ ಅದು, ಗತಿಯಿಲ್ಲದೆ ಆಡಿದ್ದು. ಆದರೂ ಬಲೆ ಸಡಿಲವಾದದ್ದು ನನಗೆ ಕಂಡಿತು. ಹುಡುಗಿಯ ಬೆರಳು ಬಲೆಯ ಕಣ್ಣಿನಿಂದ ಬಿಡಿಸಿಕೊಂಡವು. ಅವಳು ಇಳಿದಳು, ಯಾರೋ ಕೈಹಿಡಿದು ಇಳಿಸಿದ ಹಾಗೆ, ಬಣ್ಣದ ಕಾಗದಗಳನ್ನು ದಾಟಿ, ಅಡ್ಡಕೋಲನ್ನು ದಾಟಿ. ಗುಂಡಿಯ ಅಂಚಿನಲ್ಲಿ ಎರಡು ಪಾದವೂ ಊರಿ ನಿಂತಳು. ಬೋರಮ್ಮ ನನ್ನ ತೋಳನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಬಳೆ ಒಡೆಯಿತು, ಅವಳದ್ದೋ ನನ್ನದೋ.

ಕೋಚ್ ಸಾರ್ ಕೂಡ ಆ ಮಾತು ಕೇಳಿಸಿಕೊಂಡಿದ್ದರು. ತಮ್ಮನ್ನು ಅಷ್ಟು ದಿನ ಕಾಪಾಡಿದ ಶ್ರೀಕಂಠಯ್ಯನವರೊಬ್ಬರ ಮಾತಿಗೆ ಅವರಲ್ಲಿ ಬೆಲೆಯಿತ್ತು. ಮರಳು ಎದೆಯಿಂದ ಸೊಂಟಕ್ಕೆ ಜಾರಿತು. ಇನ್ನು ಉಳಿದದ್ದನ್ನು ನೀನು ಹೇಳಮ್ಮ ಎಂದು ಕುಲಸಚಿವರು ಅವಸರ ಮಾಡಿದರು. ಜಲಜ ಗುಂಡಿಯ ಹತ್ತಿರ ಹೋದಳು. ಕೋಚ್ ಸಾರ್ ಕಣ್ಣು ಮುಚ್ಚಿ, ತುಟಿ ಬಿಗಿದು, ಭುಜ ಕುಗ್ಗಿಸಿ ಕಾದರು. ಬೆಳಗಿನ ಹೊತ್ತು ಹುಡುಗಿಯರು ಅವರ ಮುಂದೆ ನಿಲ್ಲುತ್ತಿದ್ದದ್ದೂ ಹಾಗೆಯೇ. ಅವಳು ತುಂಬ ಹೊತ್ತು ಆ ಮುಖ ನೋಡಿದಳು. ಆಮೇಲೆ ಮಾಲಿಗಳ ಕಡೆ ತಿರುಗಿದಳು.

"ಇನ್ನು ಅಗೆದ್ರೆ ಬರ್ತಾರೆ ಅಣ್ಣ, ಗುದ್ದಲಿ ಹಾಕಿ. ಆ ಮಾತು ನನ್ನ ಬಾಯಲ್ಲಿ ಬೇಡ."

ಅಗೆಯಲು ಸಂಜೆಯಾಯಿತು. ಅತಿಥಿಗಳು ಉಪ್ಪಿಟ್ಟು ತಿಂದು ಹೋದರು. ಕೋಚ್ ಸಾರ್ ಒಂದು ಬೂಟನ್ನು ಮರಳಿಗೇ ಬಿಟ್ಟುಕೊಟ್ಟು ಊರು ಬಿಟ್ಟರು. ಬೇರೊಂದು ವಿಶ್ವವಿದ್ಯಾಲಯದವರು ಅವರನ್ನು ಹಾರ ಹಾಕಿ ಕರೆದುಕೊಂಡರಂತೆ. ಅಲ್ಲಿನ ವೇದಿಕೆ ಕಾಂಕ್ರೀಟಿನದು ಎಂದು ಕೇಳಿದ್ದೇನೆ. ಆ ದಿನ ಮೈಕು ಕೆಟ್ಟಿತ್ತು, ತಾವು ಹೇಳಿದ್ದು ಬೇರೆ, ಕೇಳಿದ್ದು ಬೇರೆ ಎಂದು ಶ್ರೀಕಂಠಯ್ಯನವರು ಕೆಲವು ದಿನ ಹೇಳಿ ನೋಡಿದರು. ಯಾರೂ ವಾದಿಸಲಿಲ್ಲ. ಬೆಳ್ಳಿಯ ಬಟ್ಟಲುಗಳು ಬರುವುದು ನಿಂತು ಬೀರುವಿಗೆ ಜೇಡರ ಬಲೆ ಕಟ್ಟಿತು. ಹುಡುಗಿಯ ಸೀಟು ಮಾತ್ರ ರದ್ದಾಗಲಿಲ್ಲ. ರದ್ದು ಮಾಡಿದರೆ ಅವಳು ಮತ್ತೆ ಮೈಕಿನ ಬಳಿ ಕರೆದಾಳೆಂದು ಭಯವಿತ್ತೋ ಏನೋ.

ದೊಡ್ಡ ಪಂದ್ಯಕ್ಕೆ ಆ ವರ್ಷ ನಮ್ಮೂರಿನಿಂದ ಯಾರೂ ಹೋಗಲಿಲ್ಲ. ಜಲಜ ಸ್ವಲ್ಪ ದಿನ ಮೈದಾನದ ಕಡೆ ಸುಳಿಯಲೂ ಇಲ್ಲ. ಒಂದು ಭಾನುವಾರ ಮಧ್ಯಾಹ್ನ, ನಾನು ಮತ್ತು ಬೋರಮ್ಮ ಹಾಸ್ಟೆಲಿನ ಹಿಂದಿನ ಜಗಲಿಯಲ್ಲಿ ಹಪ್ಪಳ ಒಣಹಾಕುತ್ತಿದ್ದಾಗ, ಅವಳು ಒಬ್ಬಳೇ ಕಂಬಗಳನ್ನು ನೆಟ್ಟು ಅಡ್ಡಕೋಲು ಇಡುತ್ತಿದ್ದದ್ದು ಕಾಣಿಸಿತು. ಕೋಲನ್ನು ಎಷ್ಟು ತಗ್ಗಿನಲ್ಲಿ ಇಟ್ಟಳೆಂದರೆ, ಹಿಂದೆ ಅವಳು ಅಷ್ಟು ಎತ್ತರವನ್ನು ನಡೆಯುತ್ತಲೇ ದಾಟಿಬಿಡುತ್ತಿದ್ದಳು. ದೂರ ಹೋಗಿ, ಚೂಡಿದಾರದ ಕಾಲು ಮಡಚಿಕೊಂಡು, ಓಡಿ ಬಂದಳು. ನೆಲ ಧಡಧಡ ಎಂದಿತು. ಎದ್ದಳು, ಕೋಲಿಗೆ ಸೊಂಟ ತಾಗಿತು, ಕೋಲೂ ಅವಳೂ ಒಟ್ಟಿಗೆ ಬಿದ್ದರು. ಎದ್ದು ಕೂತು, ತಲೆಯ ಮರಳು ಕೊಡವಿಕೊಂಡು, ಒಬ್ಬಳೇ ನಕ್ಕಳು. ಕೋಲನ್ನು ಎತ್ತಿ ಅಲ್ಲಿಯೇ ಇಟ್ಟಳು. ಮತ್ತೆ ದೂರ ಹೋದಳು.

ಈಗ ಒಂದು ಮಾತು ಹೆಚ್ಚಾದರೆ ಅವಳು ಭಾರ, ಒಂದು ಮಾತು ಕೆಟ್ಟರೆ ಹಗುರ. ಜಿಗಿತ ಅವಳದ್ದೇ ಆಗಿರಬೇಕಾದರೆ ನೋಡುವವರು ಸುಮ್ಮನಿರಬೇಕು. ಹುಡುಗಿ ಓಡಿ ಬರಲು ಶುರುಮಾಡಿದಳು. ಪಕ್ಕದಲ್ಲಿ ಬೋರಮ್ಮನ ಕಣ್ಣು ತುಂಬಿತ್ತು. ಶಭಾಷ್ ಮಗಾ ಎನ್ನಲು ಬಾಯಿ ತೆರೆದಳು. ತೆರೆದ ಬಾಯಿಗೆ ನಾನು ಒಂದು ಹಸಿ ಹಪ್ಪಳ ತುರುಕಿದೆ.